ಟೆಲಿಮೆಟ್ರಿಗೆ ‘ದೂರಮಾಪನ’ ಅಂದರೆ ಮಕ್ಕಳಿಗೆ ಅರ್ಥ ಆಗುತ್ತಾ?

ಎಲ್ಲರಿಗೂ ನಮಸ್ಕಾರ. ಹೈಸ್ಕೂಲು ಮಕ್ಕಳಿಗೆ ಫನ್‌ಕ್ಯೂಬ್-1 ಉಪಗ್ರಹದ ಬಗ್ಗೆ ಒಂದು ಪಾಠ ಬರೆಯುತ್ತಿದ್ದೇನೆ. ಟೆಲಿಮೆಟ್ರಿ, ಅಂದರೆ ದೂರದಲ್ಲಿ ಅಳೆದದ್ದನ್ನು ರೇಡಿಯೋ ಮೂಲಕ ಇಲ್ಲಿಗೆ ಕಳಿಸೋದು, ಅನ್ನೋ ಪದಕ್ಕೆ ಬಂದು ಕೆಲಸ ನಿಂತಿದೆ.

ಬ್ರಿಟನ್ನಿನ ಆಮ್‌ಸ್ಯಾಟ್-ಯುಕೆ ಅನ್ನೋ ಹ್ಯಾಮ್ (ಹವ್ಯಾಸಿ) ರೇಡಿಯೋ ಸಂಸ್ಥೆ, ನೆದರ್ಲೆಂಡ್ಸಿನ ಹ್ಯಾಮ್‌ಗಳ ಜೊತೆ ಸೇರಿ ಶಾಲೆಗಳಿಗೆಂದೇ ಮಾಡಿದ ಉಪಗ್ರಹ ಇದು. 10 ಸೆಂಟಿಮೀಟರಿನ ಘನ, ತೂಕ ಒಂದು ಕಿಲೋ ಒಳಗೆ. 2013ರ ನವೆಂಬರ್ 21ರಂದು ರಷ್ಯಾದ ಯಾಸ್ನಿಯಿಂದ ನೀಪರ್ ರಾಕೆಟ್ಟಿನಲ್ಲಿ ಹೋಯಿತು. ಬ್ಯಾಟರಿಯ ವೋಲ್ಟೇಜ್ ಎಷ್ಟು, ಸೌರಫಲಕದಿಂದ ಎಷ್ಟು ಕರೆಂಟ್ ಬರುತ್ತಿದೆ, ಯಾವ ಭಾಗ ಎಷ್ಟು ಬಿಸಿ, ಇದನ್ನೆಲ್ಲ 145.935 ಮೆಗಾಹರ್ಟ್ಸ್‌ನಲ್ಲಿ ಕಳಿಸೋದೇ ಅದರ ಮುಖ್ಯ ಕೆಲಸವಾಗಿತ್ತು. ಒಂದು ಚಿಕ್ಕ ಆಂಟೆನಾ, ಯುಎಸ್‌ಬಿ ರಿಸೀವರ್, ಕಂಪ್ಯೂಟರ್ ಇದ್ದರೆ ಶಾಲೆಯಲ್ಲೇ ಹಿಡಿಯಬಹುದಿತ್ತು. ನನಗೆ ತುಂಬ ಹಿಡಿಸಿದ್ದು ಅದರಲ್ಲಿದ್ದ ಒಂದು ಪ್ರಯೋಗ: ಕಪ್ಪು ಲೋಹ, ಹೊಳೆಯುವ ಲೋಹ ಎರಡೂ ಬಿಸಿಲಲ್ಲಿ ಹೇಗೆ ಕಾಯುತ್ತವೆ, ನೆರಳಲ್ಲಿ ಹೇಗೆ ಆರುತ್ತವೆ ಅಂತ ಅಳೆಯೋದು. ಅದೇ ಪ್ರಯೋಗವನ್ನು ಮಕ್ಕಳು ಲ್ಯಾಬಿನಲ್ಲಿ ಮಾಡಿ, ಆಕಾಶದಿಂದ ಬಂದ ಅಂಕಿಗಳ ಜೊತೆ ಹೋಲಿಸಬಹುದು.

ಈಗ ಪದದ ವಿಷಯ. ಟೆಲಿಮೆಟ್ರಿಗೆ ‘ದೂರಮಾಪನ’ ಅಂತ ಬಳಸೋದು ನೋಡಿದ್ದೇನೆ. ಆದರೆ ಎಂಟನೇ ಕ್ಲಾಸಿನ ಹುಡುಗಿ ಇದನ್ನು ಓದಿದರೆ ದೂರವನ್ನು ಅಳೆಯೋದು ಅಂತಲೇ ತಿಳಿಯುತ್ತಾಳೆ, ಅಲ್ವಾ? ಮಳೆಮಾಪಕ ಅಳೆಯೋದು ಮಳೆಯನ್ನು, ವಾಯುಭಾರ ಮಾಪಕ ಅಳೆಯೋದು ವಾಯುಭಾರವನ್ನು. ಹಾಗಾಗಿ ಮಾಪನದ ಹಿಂದೆ ಏನಿದೆಯೋ ಅದನ್ನೇ ಅಳೆಯುತ್ತಾರೆ ಅಂತ ನಮ್ಮ ಕಿವಿ ಒಪ್ಪಿಬಿಟ್ಟಿದೆ. ದೂರವಾಣಿ, ದೂರದರ್ಶನ, ದೂರಸಂಪರ್ಕದಲ್ಲಿ ಈ ತೊಂದರೆ ಇಲ್ಲ, ಅಲ್ಲಿ ‘ದೂರ’ ಅಂದರೆ ದೂರದಿಂದ ಅಂತ ತಾನಾಗಿಯೇ ಹೊಳೆಯುತ್ತೆ.

ಹಿಂದಿಯಲ್ಲಿ ‘ದೂರಮಿತಿ’ ಅನ್ನುತ್ತಾರೆ. ಉಪಗ್ರಹಗಳ ಜೊತೆ ಸಂಪರ್ಕ ಇಟ್ಟುಕೊಳ್ಳೋ ಇಸ್ರೋ ಕೇಂದ್ರ, ಬೆಂಗಳೂರಿನ ಪೀಣ್ಯದ ಇಸ್ಟ್ರಾಕ್‌ನ ಹೆಸರಿನಲ್ಲೇ ಟೆಲಿಮೆಟ್ರಿ ಇದೆ, ಅದರ ಹಿಂದಿ ಹೆಸರಲ್ಲಿ ಇರೋದೂ ಇದೇ ಪದ. ಕನ್ನಡಕ್ಕೆ ಇದು ಇನ್ನೂ ಕಷ್ಟ. ತ್ರಿಕೋಣಮಿತಿ ಇದೆ ನಿಜ, ಆದರೆ ನಮಗೆ ಮಿತಿ ಅಂದ ಕೂಡಲೇ ವೇಗಮಿತಿ, ವಯೋಮಿತಿ ನೆನಪಾಗುತ್ತೆ. ಇಷ್ಟು ದೂರ ಮಾತ್ರ ಅನ್ನೋ ಅರ್ಥ ಬಂದುಬಿಡುತ್ತೆ.

ನಾನು ಸದ್ಯಕ್ಕೆ ‘ಅಳತೆ ರವಾನೆ’ ಅಂತ ಬರೆದಿದ್ದೇನೆ. ಅಲ್ಲಿ ಅಳೆದು ಇಲ್ಲಿಗೆ ಕಳಿಸೋದು, ಎರಡೂ ಅದರಲ್ಲಿವೆ. ‘ಉಪಗ್ರಹದ ಅಳತೆ ರವಾನೆ ಶುರುವಾಯಿತು’ ಅಂದರೆ ಓದೋಕೆ ಎಡವೋದಿಲ್ಲ. ಆದರೆ ಆ ರವಾನೆಯಲ್ಲಿ ಬಂದ ಅಂಕಿಗಳಿಗೂ ಇಂಗ್ಲಿಷಿನಲ್ಲಿ ಟೆಲಿಮೆಟ್ರಿ ಅಂತಲೇ ಹೇಳುತ್ತಾರೆ, ಅಲ್ಲಿ ಈ ಪದ ಕೂರೋದಿಲ್ಲ. ‘ಬಂದ ಅಳತೆಗಳು’ ಅಂತ ಸುಮ್ನೆ ಬಿಡಿಸಿ ಬರೆದರೆ ಸಾಕೇ?

ಟೆಲಿಮೆಟ್ರಿ ಅಂತಲೇ ಇಟ್ಟು ಮೊದಲ ಸಲ ವಿವರಿಸಿದರೆ ಆಯಿತು ಅನ್ನೋರಿಗೂ ನನ್ನ ತಕರಾರಿಲ್ಲ. ಹ್ಯಾಮ್‌ಗಳು ಮಾತಾಡುವಾಗ ಹಾಗೇ ಅನ್ನುತ್ತಾರೆ, ಉಪಗ್ರಹ ತಲೆ ಮೇಲೆ ಹಾದು ಹೋಗೋದಕ್ಕೆ ‘ಪಾಸ್’ ಅನ್ನೋ ಹಾಗೆ. ಆದರೂ ಪಾಠ ಓದೋ ಮಗುವಿಗೆ ಪದ ನೋಡಿದ ಕೂಡಲೇ ಅರ್ಧ ಅರ್ಥವಾದರೂ ಸಿಗಬೇಕು ಅನ್ನೋದು ನನ್ನ ಆಸೆ.

ಹಳೆಯ ವಿಜ್ಞಾನ ಪಠ್ಯಗಳಲ್ಲೋ ಪತ್ರಿಕೆಗಳಲ್ಲೋ ಇದಕ್ಕೆ ಬೇರೆ ಪದ ಕಂಡವರಿದ್ದರೆ, ಅದು ಬಂದಿರುವ ವಾಕ್ಯವನ್ನೂ ಪೂರ್ತಿ ಕಳಿಸಿ. ಬರೀ ಪದ ಸಿಕ್ಕರೆ ಅದು ಬಳಕೆಯಲ್ಲಿ ನಿಲ್ಲುತ್ತೋ ಇಲ್ವೋ ಗೊತ್ತಾಗೋದಿಲ್ಲ.