ಮೊದಲ ಬಾರಿಗೆ ಕಬ್ ದಳದ ಹೊಣೆ ಹೊತ್ತಿದ್ದೇನೆ, ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ವಿಜಯನಗರದ ತಂದೆ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ವಿಜಯನಗರದ ನಿವಾಸಿ, ಬ್ಯಾಂಕ್ ಉದ್ಯೋಗಿ. ನನ್ನ ಎಂಟು ವರ್ಷದ ಮಗ ಒಂದು ವರ್ಷದಿಂದ ನಮ್ಮ ಬಡಾವಣೆಯ ಕಬ್ ದಳಕ್ಕೆ, ಅಂದರೆ ಸ್ಕೌಟ್‌ನ ಚಿಕ್ಕ ಹುಡುಗರ ವಿಭಾಗಕ್ಕೆ, ಹೋಗುತ್ತಿದ್ದಾನೆ. ಅದು ಯಾವುದೇ ಶಾಲೆಗೆ ಸೇರದ ಮುಕ್ತ ದಳ, ಹದಿನೆಂಟು ಹುಡುಗರಿದ್ದಾರೆ. ಇಷ್ಟು ವರ್ಷ ಅದನ್ನು ನಡೆಸಿಕೊಂಡು ಬಂದ ಹಿರಿಯರು ಮಗಳ ಮನೆಗೆಂದು ಮೈಸೂರಿಗೆ ಹೊರಟು ನಿಂತಿದ್ದಾರೆ. ಕಳೆದ ವಾರದ ಪೋಷಕರ ಸಭೆಯಲ್ಲಿ ‘ಮುಂದೆ ಯಾರು?’ ಎಂಬ ಪ್ರಶ್ನೆ ಬಂದಾಗ ಎಲ್ಲರೂ ತಲೆ ತಗ್ಗಿಸಿ ಮೊಬೈಲ್ ನೋಡತೊಡಗಿದರು. ನಾನೊಬ್ಬ ತಲೆ ಎತ್ತಿಕೊಂಡಿದ್ದೆ. ಅಷ್ಟಕ್ಕೇ ಹೊಣೆ ನನ್ನ ಹೆಗಲೇರಿತು.

ನಾನು ಬಾಲ್ಯದಲ್ಲಿ ಸ್ಕೌಟ್ ಆಗಿರಲಿಲ್ಲ. ಶೂ ಲೇಸಿನ ಗಂಟು ಬಿಟ್ಟರೆ ಬೇರೆ ಗಂಟು ನನಗೆ ಬಾರದು. ದಳದ ಅರ್ಧದಷ್ಟು ಮಕ್ಕಳ ಮನೆಮಾತು ಕನ್ನಡವಲ್ಲ. ಒಬ್ಬ ಹುಡುಗನಂತೂ ಎರಡು ನಿಮಿಷ ನಿಂತಲ್ಲಿ ನಿಲ್ಲುವುದಿಲ್ಲ, ಮೈದಾನದ ಗೇಟಿನ ಕಡೆಗೇ ಓಡುತ್ತಾನೆ. ಇವೆಲ್ಲದರ ಜೊತೆಗೆ, ನನ್ನ ಮಗನೇ ದಳದಲ್ಲಿರುವುದರಿಂದ ಅವನೊಡನೆ ಹೇಗೆ ನಡೆದುಕೊಳ್ಳಬೇಕೆಂಬುದೂ ತಿಳಿಯುತ್ತಿಲ್ಲ. ಮೊದಲ ಎರಡು ಮೂರು ತಿಂಗಳು ನಾನು ಯಾವುದಕ್ಕೆ ಗಮನ ಕೊಡಬೇಕು, ಯಾವುದನ್ನು ಸದ್ಯಕ್ಕೆ ಬಿಡಬಹುದು ಎಂದು ಅನುಭವಿಗಳು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಬಸವನಗುಡಿಯ ನಿವೃತ್ತ ಮೇಷ್ಟ್ರು

ವಿಜಯನಗರದವರೇ, ಮೊದಲು ಗಂಟಿನ ವಿಷಯವನ್ನೇ ಬಿಡಿಸಿಬಿಡೋಣ. ಕಬ್ ವಯಸ್ಸಿನ ಮಕ್ಕಳಿಗೆ, ಅಂದರೆ ಹತ್ತು ವರ್ಷದೊಳಗಿನವರಿಗೆ, ಆರಂಭದಲ್ಲಿ ಕಲಿಸಬೇಕಾದ ಗಂಟುಗಳು ಬೆರಳೆಣಿಕೆಯಷ್ಟು. ಈ ವಾರ ರೀಫ್ ಗಂಟೊಂದನ್ನು ಕಲಿಯಿರಿ: ಬಲದ ತುದಿ ಎಡದ ಮೇಲೆ, ಆಮೇಲೆ ಎಡದ ತುದಿ ಬಲದ ಮೇಲೆ. ಎರಡನೆಯ ಸಲವೂ ಮೊದಲಿನ ಹಾಗೆಯೇ ಹಾಕಿದರೆ ಗಂಟು ಅಡ್ಡಡ್ಡವಾಗಿ ಕೂತು, ಎಳೆದಾಗ ಜಾರುತ್ತದೆ. ಒಂದು ಕೆಂಪು, ಒಂದು ಬಿಳಿ ಹಗ್ಗದ ತುಂಡು ಇಟ್ಟುಕೊಂಡರೆ ತಪ್ಪು ಎಲ್ಲಾಯಿತೆಂದು ಮಗುವಿನ ಕಣ್ಣಿಗೇ ಕಾಣುತ್ತದೆ. ಈ ಗಂಟು ಚಪ್ಪಟೆಯಾಗಿ ಕೂರುವುದರಿಂದ ಗಾಯಕ್ಕೆ ಪಟ್ಟಿ ಕಟ್ಟಲು ಒಳ್ಳೆಯದು. ಭಾರ ಎಳೆಯುವ ಎರಡು ಹಗ್ಗಗಳನ್ನು ಜೋಡಿಸಲು ಮಾತ್ರ ಬಳಸಬಾರದು. ಮಕ್ಕಳಿಗೆ ಇದನ್ನೂ ಹೇಳಿ. ಎಲ್ಲಿ ಬಳಸಬಾರದೆಂದು ತಿಳಿಯದ ಗಂಟು ಅರ್ಧ ಕಲಿತ ಗಂಟು.

ನಾನು ಇಪ್ಪತ್ತೆರಡು ವರ್ಷ ದಳ ನಡೆಸಿದವನು. ಹೊಸ ನಾಯಕರು ಸೋಲುವುದು ವಿದ್ಯೆ ಸಾಲದೆ ಅಲ್ಲ, ಎರಡು ಚಟುವಟಿಕೆಗಳ ನಡುವಿನ ಖಾಲಿ ಜಾಗದಲ್ಲಿ. ಆಟ ಮುಗಿದಿರುತ್ತದೆ, ನಾಯಕರು ಚೀಲದಲ್ಲಿ ಹಗ್ಗ ಹುಡುಕುತ್ತಿರುತ್ತಾರೆ. ಆ ಮೂರು ನಿಮಿಷದಲ್ಲಿ ಹದಿನೆಂಟು ಹುಡುಗರು ಹದಿನೆಂಟು ದಿಕ್ಕಿಗೆ ಹೋಗಿರುತ್ತಾರೆ. ಆದ್ದರಿಂದ ಸಭೆಯನ್ನು ಮನೆಯಲ್ಲಿಯೇ ಕಾಗದದ ಮೇಲೆ ಬರೆದುಕೊಳ್ಳಿ. ಎಪ್ಪತ್ತೈದು ನಿಮಿಷ ಸಾಕು. ಪ್ರಾರ್ಥನೆ, ಧ್ವಜ, ಉಗುರು ಮತ್ತು ಕರವಸ್ತ್ರದ ತಪಾಸಣೆ, ಒಂದು ಓಡುವ ಆಟ, ಹತ್ತು ನಿಮಿಷದ ಕಲಿಕೆ, ಕಲಿತದ್ದನ್ನೇ ಬಳಸುವ ಇನ್ನೊಂದು ಆಟ, ಒಂದು ಕಥೆ, ಮುಕ್ತಾಯ. ಕಲಿಕೆ ಹತ್ತು ನಿಮಿಷವನ್ನು ದಾಟಕೂಡದು. ದಾಟಿದ ಮೇಲೆ ನೀವು ಹೇಳುವುದೆಲ್ಲ ನಿಮಗಾಗಿಯೇ.

ಆಟಗಳಿಗೆ ಪುಸ್ತಕ ಹುಡುಕಬೇಡಿ. ನಾವು ಆಡಿದ ಕೆರೆ-ದಡವೇ ಸಾಕು. ನೆಲದ ಮೇಲೆ ಒಂದು ಗೆರೆ ಎಳೆದು ‘ಕೆರೆ’ ಎಂದಾಗ ಒಳಕ್ಕೆ, ‘ದಡ’ ಎಂದಾಗ ಹೊರಕ್ಕೆ ಹಾರಿಸುವ ಆಟ. ಕಿವಿಗೊಟ್ಟು ಕೇಳುವುದನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಉಪಾಯ ನನಗೆ ಸಿಕ್ಕಿಲ್ಲ. ಲಗೋರಿಯನ್ನು ಸಿಕ್ಸುಗಳ (ಆರಾರು ಮಕ್ಕಳ ಗುಂಪುಗಳ) ನಡುವೆ ಆಡಿಸಬಹುದು. ಒಂದು ತಟ್ಟೆಯಲ್ಲಿ ಬೀಗದ ಕೈ, ಅಡಿಕೆ, ಗುಂಡಿ, ಬೆಂಡೋಲೆ ಮುಂತಾಗಿ ಹತ್ತು ಹನ್ನೆರಡು ಸಾಮಾನು ಇಟ್ಟು, ಒಂದು ನಿಮಿಷ ತೋರಿಸಿ, ಬಟ್ಟೆ ಮುಚ್ಚಿ, ಏನೇನಿತ್ತು ಎಂದು ಕೇಳುವ ಕಿಮ್ಸ್ ಆಟವನ್ನು ಮಳೆ ಬಂದ ದಿನಕ್ಕೆಂದು ಉಳಿಸಿಕೊಳ್ಳಿ.

ನಿಮ್ಮ ಹದಿನೆಂಟು ಮಕ್ಕಳು ಲೆಕ್ಕಕ್ಕೆ ಸರಿಯಾಗಿ ಮೂರು ಸಿಕ್ಸ್ ಆಗುತ್ತಾರೆ. ಪ್ರತಿ ಸಿಕ್ಸಿಗೆ ಮುಂದಾಳಾಗಿ ಒಬ್ಬ ಸಿಕ್ಸರ್ ಇರುತ್ತಾನೆ (ಕ್ರಿಕೆಟ್ಟಿನದಲ್ಲ, ಮೊದಲ ದಿನ ಈ ನಗೆಯನ್ನು ಮಕ್ಕಳು ನಕ್ಕು ಮುಗಿಸಲಿ). ಹಾಜರಿ, ಹಗ್ಗ ಹಂಚುವುದು, ಸಾಲು ನಿಲ್ಲಿಸುವುದು ಇವನ್ನೆಲ್ಲ ಸಿಕ್ಸರುಗಳಿಗೇ ಬಿಡಿ. ಅವರು ತಡಮಾಡುತ್ತಾರೆ, ಜಗಳವಾಡುತ್ತಾರೆ. ಕೈ ಹಾಕಬೇಕೆಂದು ನಿಮಗೆ ತುರಿಕೆಯಾಗುತ್ತದೆ. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳಿ.

ಗೇಟಿಗೆ ಓಡುವ ಹುಡುಗನ ವಿಷಯ. ಅಂಥವನನ್ನು ನಾಯಕನನ್ನಾಗಿ ಮಾಡಿ ಎಂದು ಹಲವರು ಸಲಹೆ ಕೊಡುತ್ತಾರೆ. ನಾನು ಒಪ್ಪುವುದಿಲ್ಲ, ಸಾಲಿನಲ್ಲಿ ನೆಟ್ಟಗೆ ನಿಂತ ಹುಡುಗ ಅದರಿಂದ ಕಲಿಯುವ ಪಾಠ ಒಳ್ಳೆಯದಲ್ಲ. ಅವನು ಯಾವ ಗಳಿಗೆಯಲ್ಲಿ ಓಡುತ್ತಾನೆಂದು ಎರಡು ವಾರ ಗುರುತು ಹಾಕಿಕೊಳ್ಳಿ. ನನ್ನ ಅನುಭವದಲ್ಲಿ ಇಂಥ ಮಕ್ಕಳು ಆಟದ ನಡುವೆ ಓಡುವುದಿಲ್ಲ, ನಾಯಕರು ಭಾಷಣ ಬಿಗಿಯುವಾಗ ಓಡುತ್ತಾರೆ. ಅಲ್ಲಿಯವರೆಗೆ ಗೇಟಿನ ಬಳಿ ಒಬ್ಬ ಪೋಷಕರನ್ನು ಕೂರಿಸಿ.

ಸಭೆಯ ಆರಂಭದಲ್ಲಿ ವೃತ್ತಾಕಾರವಾಗಿ ಕುಕ್ಕರಗಾಲಲ್ಲಿ ಕೂತು ಕೂಗುವ ಗ್ರ್ಯಾಂಡ್ ಹೌಲ್ ಬಗ್ಗೆ ನಾಚಿಕೆ ಬೇಡ. 1916ರಲ್ಲಿ ಬೇಡನ್ ಪೊವೆಲ್ ಚಿಕ್ಕ ಮಕ್ಕಳ ವಿಭಾಗವನ್ನು ಆರಂಭಿಸಿದಾಗ ಕಿಪ್ಲಿಂಗ್‌ನ ಕಾಡಿನ ಕಥೆಗಳಿಂದ ತೋಳದ ಹಿಂಡಿನ ಕಲ್ಪನೆಯನ್ನು ಎರವಲು ಪಡೆದರು. ಹಿಂಡಿನ ಮುಖಂಡ ಅಕೇಲ. ನೀವೀಗ ಆ ಅಕೇಲ. ನಮ್ಮ ಮೊದಲ ಹೌಲ್‌ಗೆ ಎದುರು ಮನೆಯ ಮಹಡಿಯ ಕಿಟಕಿಗಳೆಲ್ಲ ತೆರೆದುಕೊಂಡವು. ಮುಂದಿನ ತಿಂಗಳು ಅದೇ ಮನೆಯಿಂದ ಇಬ್ಬರು ಮಕ್ಕಳು ದಳಕ್ಕೆ ಬಂದರು.

ಮೊದಲ ತಿಂಗಳಲ್ಲಿ ಹೊರಸಂಚಾರ ಬೇಡ. ನಾನು ಆತುರಪಟ್ಟು ಮೂರನೆಯ ವಾರಕ್ಕೇ ಮಕ್ಕಳನ್ನು ಲಾಲ್‌ಬಾಗಿಗೆ ಕರೆದುಕೊಂಡು ಹೋದೆ. ಕೆಂಪೇಗೌಡರ ಗೋಪುರವಿರುವ ಬಂಡೆಯನ್ನು ಹತ್ತಿಸಿ, ಈ ಕಲ್ಲಿಗೆ ಸುಮಾರು 300 ಕೋಟಿ ವರ್ಷ ಎಂದು ವಿವರಿಸುವ ಉತ್ಸಾಹದಲ್ಲಿ ತಲೆ ಎಣಿಸುವುದನ್ನು ಮರೆತಿದ್ದೆ. ಒಬ್ಬ ಹುಡುಗ ಗಾಜಿನ ಮನೆಯ ಬಳಿಯೇ ಅಳಿಲು ನೋಡುತ್ತ ಉಳಿದಿದ್ದ. ಸಿಕ್ಕಿದ, ನಿಜ, ಆ ಹದಿನೈದು ನಿಮಿಷ ನನಗೆ ಇಂದಿಗೂ ಬೆವರು ತರಿಸುತ್ತದೆ. ಹೊರಡುವಾಗ, ತಲುಪಿದಾಗ, ಪ್ರತಿ ತಿರುವಿನಲ್ಲಿ ಎಣಿಸಿ, ಸಿಕ್ಸರುಗಳಿಂದಲೂ ಎಣಿಸಿರಿ.

ತರಬೇತಿಗೆ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್‌ನ ಬೇಸಿಕ್ ಕೋರ್ಸ್ ಇದೆ, ಒಂದು ವಾರ ಅಲ್ಲಿಯೇ ಉಳಿದು ಕಲಿಯುವಂಥದ್ದು. ಅದಾದ ಮೇಲೆ ಅಡ್ವಾನ್ಸ್‌ಡ್ ಕೋರ್ಸ್, ಅದರಾಚೆ ಹಿಮಾಲಯ ವುಡ್ ಬ್ಯಾಡ್ಜ್. ನಾನು ದೊಡ್ಡಬಳ್ಳಾಪುರದ ಆನಿ ಬೆಸೆಂಟ್ ಪಾರ್ಕಿನ ಕೇಂದ್ರದಲ್ಲಿ ಬೇಸಿಕ್ ಮಾಡಿದೆ. ಆ ಹೆಸರಿಗೊಂದು ಕಾರಣವಿದೆ: ಭಾರತದ ಮೊದಲ ಸ್ಕೌಟ್ ದಳ 1909ರಲ್ಲಿ ನಮ್ಮ ಬೆಂಗಳೂರಿನಲ್ಲೇ ಹುಟ್ಟಿದರೂ ಆಗ ಭಾರತೀಯ ಮಕ್ಕಳಿಗೆ ಅದರ ಬಾಗಿಲು ತೆರೆದಿರಲಿಲ್ಲ, ನಮ್ಮ ಮಕ್ಕಳಿಗೆಂದು 1917ರಲ್ಲಿ ಪ್ರತ್ಯೇಕ ಸಂಸ್ಥೆ ಕಟ್ಟಿದವರು ಬೆಸೆಂಟ್. ಎರಡು ಮೂರು ತಿಂಗಳು ದಳ ನಡೆಸಿದ ಮೇಲೆ ಕೋರ್ಸಿಗೆ ಹೋದರೆ ಏನು ಕೇಳಬೇಕೆಂಬುದು ನಿಮಗೆ ಗೊತ್ತಿರುತ್ತದೆ.

ಉತ್ತರ: ಮಲ್ಲೇಶ್ವರದ ಫ್ಲಾಕ್ ಲೀಡರ್

ಮೇಷ್ಟ್ರು ಹೇಳಿದ್ದಕ್ಕೆ ಕೆಲವು ಮಾತು ಸೇರಿಸುತ್ತೇನೆ. ನಾನು ಮೂರು ವರ್ಷದಿಂದ ಬುಲ್‌ಬುಲ್ ಮಕ್ಕಳ, ಅಂದರೆ ಕಬ್ ವಯಸ್ಸಿನ ಹುಡುಗಿಯರ, ದಳ ನಡೆಸುತ್ತಿದ್ದೇನೆ, ನನ್ನ ಮಗಳೂ ಅದರಲ್ಲಿದ್ದಳು. ಮೊದಲ ತಿಂಗಳು ಅವಳು ಸಭೆಯ ನಡುವೆ ‘ಅಮ್ಮಾ, ನೀರು’ ಎಂದು ಬಂದಾಗಲೆಲ್ಲ ಉಳಿದ ಮಕ್ಕಳ ಮುಖ ನೋಡುವುದೇ ನನಗೆ ಕಷ್ಟವಾಗುತ್ತಿತ್ತು. ಪಕ್ಷಪಾತದ ಭಯದಿಂದ ನಾನು ಅವಳನ್ನೇ ಹೆಚ್ಚು ಗದರತೊಡಗಿದೆ. ಒಂದು ದಿನ ಮನೆಗೆ ಬಂದವಳು, ‘ಅಲ್ಲಿ ನೀನು ಎಲ್ಲರ ಅಕ್ಕ, ನನಗೆ ಮಾತ್ರ ಯಾರೂ ಅಲ್ಲ’ ಎಂದಳು. ಆಮೇಲೆ ನಮ್ಮಿಬ್ಬರಲ್ಲಿ ಒಂದು ಒಪ್ಪಂದವಾಯಿತು: ನನ್ನ ಕೊರಳಲ್ಲಿ ಸ್ಕಾರ್ಫ್ ಇರುವಷ್ಟು ಹೊತ್ತು ಅಕ್ಕ, ತೆಗೆದ ಕೂಡಲೇ ಅಮ್ಮ. ಅವಳ ಪ್ರವೇಶ ಪರೀಕ್ಷೆಯನ್ನೂ ಮುಂದಿನ ಹಂತಗಳ ಪರೀಕ್ಷೆಗಳನ್ನೂ ನನ್ನ ಸಹಾಯಕಿಯೇ ನಡೆಸಿದರು. ನಿಮ್ಮ ಮಗನ ಜೊತೆಗೂ ಮೊದಲ ಸಭೆಗೆ ಮುಂಚೆಯೇ ಇಂಥ ಮಾತುಕತೆ ನಡೆಸಿ. ಅವನು ಯಾವ ಸಿಕ್ಸಿನಲ್ಲಿ ಇರಬೇಕೆಂಬುದನ್ನು ನೀವು ನಿರ್ಧರಿಸಬೇಡಿ.

ಭಾಷೆಯ ಬಗ್ಗೆ ಚಿಂತೆ ಬೇಡ. ಸೂಚನೆಯನ್ನು ಕನ್ನಡದಲ್ಲಿ ಕೊಟ್ಟು, ಜೊತೆಗೆ ಕೈಯಲ್ಲಿ ಮಾಡಿ ತೋರಿಸಿ. ನಮ್ಮಲ್ಲಿ ಮನೆಯಲ್ಲಿ ಬಂಗಾಳಿ ಮಾತನಾಡುವ ಹುಡುಗಿಯೊಬ್ಬಳು ಕುಂಟೆಬಿಲ್ಲೆ ಆಡುತ್ತಲೇ ಕನ್ನಡದ ಅಂಕಿಗಳನ್ನು ಕಲಿತಳು. ಪ್ರತಿಜ್ಞೆಯನ್ನು ಮಾತ್ರ ಅರ್ಥ ತಿಳಿಯದೆ ಒಪ್ಪಿಸಲು ಬಿಡಬೇಡಿ; ಅದರಲ್ಲಿ ದಿನಕ್ಕೊಂದು ಒಳ್ಳೆಯ ಕೆಲಸ ಮಾಡುವೆನೆಂಬ ಮಾತಿದೆ, ಮಗು ಅದನ್ನು ತನ್ನ ಮನೆಮಾತಿನಲ್ಲಿ ವಿವರಿಸಲಿ.

ಮುಖ್ಯವಾದದ್ದು ಸುರಕ್ಷತೆ. ಮಕ್ಕಳಿರುವಲ್ಲಿ ಯಾವಾಗಲೂ ಇಬ್ಬರು ದೊಡ್ಡವರಿರಬೇಕು, ಯಾರೊಬ್ಬರೂ ಒಂದು ಮಗುವಿನೊಡನೆ ಮುಚ್ಚಿದ ಕೋಣೆಯಲ್ಲಿ ಒಂಟಿಯಾಗಿ ಇರಬಾರದು, ಇದು ನಿಮಗೂ ಅನ್ವಯಿಸುತ್ತದೆ. ಸಹಾಯಕ್ಕೆ ಬರುವ ಹೊಸಬರಿಂದ ಪೊಲೀಸ್ ಪರಿಶೀಲನಾ ಪತ್ರ ಕೇಳಲು ಸಂಕೋಚಪಡಬೇಡಿ, ಮೊದಲು ನಿಮ್ಮದನ್ನೇ ತೋರಿಸಿ. ಮಕ್ಕಳ ಫೋಟೋಗಳನ್ನು ಪೋಷಕರ ಒಪ್ಪಿಗೆಯಿಲ್ಲದೆ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಮಗುವೊಂದು ತನಗೆ ಎಲ್ಲಿಯೋ ತೊಂದರೆಯಾಗುತ್ತಿದೆ ಎಂದು ನಿಮ್ಮೊಡನೆ ಹೇಳಿಕೊಂಡರೆ ಅದನ್ನು ಗುಟ್ಟಾಗಿ ಇಡುತ್ತೇನೆಂದು ಮಾತು ಕೊಡಬೇಡಿ. ಲೈಂಗಿಕ ದೌರ್ಜನ್ಯದ ಸುಳಿವಿದ್ದರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ನಿಮ್ಮ ಕಾನೂನುಬದ್ಧ ಕರ್ತವ್ಯ. ಮಕ್ಕಳ ಸಹಾಯವಾಣಿ 1098 ನಿಮ್ಮ ಮೊಬೈಲಿನಲ್ಲಿರಲಿ.

ಉತ್ತರ: ಯಲಹಂಕದವರು

ನಾನು ಹದಿನಾಲ್ಕು ತಿಂಗಳು ದಳ ನಡೆಸಿ ಬಿಟ್ಟವನು, ಆದ್ದರಿಂದ ಇನ್ನೊಂದು ಮುಖವನ್ನೂ ಹೇಳುತ್ತೇನೆ. ಎಪ್ಪತ್ತೈದು ನಿಮಿಷದ ಸಭೆಗೆ ವಾರದಲ್ಲಿ ಇನ್ನೂ ಮೂರು ಗಂಟೆ ಹಿಡಿಯುತ್ತದೆ: ತಯಾರಿ, ಪೋಷಕರ ಕರೆಗಳು, ವಾರ್ಷಿಕ ನೋಂದಣಿಯ ಕಾಗದಪತ್ರ, ಲೆಕ್ಕ. ನಾನು ಎಲ್ಲವನ್ನೂ ಒಬ್ಬನೇ ಮಾಡಲು ಹೋಗಿ ಸೋತೆ. ಬ್ಯಾಂಕಿನವರೆಂದು ಹಣದ ಲೆಕ್ಕವನ್ನೂ ನಿಮಗೇ ಅಂಟಿಸುತ್ತಾರೆ, ನೋಡುತ್ತಿರಿ. ದಯವಿಟ್ಟು ಒಪ್ಪಬೇಡಿ. ಮೊಬೈಲ್ ನೋಡುತ್ತ ಕುಳಿತಿದ್ದ ಪೋಷಕರಲ್ಲಿ ಒಬ್ಬರಿಗೆ ಲೆಕ್ಕ, ಒಬ್ಬರಿಗೆ ನೋಂದಣಿ, ಒಬ್ಬರಿಗೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎಂದು ಹೆಸರು ಹಿಡಿದು ಹಂಚಿ. ‘ಯಾರಾದರೂ ಸಹಾಯ ಮಾಡುತ್ತೀರಾ?’ ಎಂದು ಕೇಳಿದರೆ ಯಾರೂ ಬರುವುದಿಲ್ಲ. ‘ಮುಂದಿನ ಭಾನುವಾರ ಏಳೂವರೆಗೆ ನೀವು ಗೇಟಿನ ಬಳಿ ಇರುತ್ತೀರಾ?’ ಎಂದರೆ ಬರುತ್ತಾರೆ.

ಮೇಷ್ಟ್ರ ಒಂದು ಮಾತಿಗೆ ನನ್ನ ವಿನಯಪೂರ್ವಕ ಭಿನ್ನಾಭಿಪ್ರಾಯವಿದೆ. ಬೇಸಿಕ್ ಕೋರ್ಸನ್ನು ಮುಂದೂಡಬೇಡಿ. ‘ಮೂರು ತಿಂಗಳಾಗಲಿ’ ಎಂದ ನನಗೆ ಕೊನೆಯವರೆಗೂ ಒಂದು ವಾರದ ರಜೆ ಸಿಗಲಿಲ್ಲ. ಜಿಲ್ಲಾ ಸಂಸ್ಥೆಯಲ್ಲಿ ಮುಂದಿನ ಕೋರ್ಸಿನ ದಿನಾಂಕ ವಿಚಾರಿಸಿ, ಈಗಲೇ ರಜೆ ಬರೆದು ಹಾಕಿ.

ಮರುಪ್ರಶ್ನೆ: ವಿಜಯನಗರದ ತಂದೆ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ನಿನ್ನೆ ಮೊದಲ ಸಭೆ ನಡೆಯಿತು. ಕಾಗದದಲ್ಲಿ ಬರೆದುಕೊಂಡು ಹೋಗಿದ್ದರಿಂದ ಐವತ್ತು ನಿಮಿಷ ಚೆನ್ನಾಗಿಯೇ ಸಾಗಿತು. ಕೊನೆಯ ಇಪ್ಪತ್ತೈದು ನಿಮಿಷಕ್ಕೆ ನನ್ನ ಬಳಿ ಏನೂ ಉಳಿದಿರಲಿಲ್ಲ, ಮತ್ತೆ ಕೆರೆ-ದಡವನ್ನೇ ಆಡಿಸಿದೆ. ಗೇಟಿನ ಹುಡುಗ ಒಮ್ಮೆ ಓಡಿದ. ಮೇಷ್ಟ್ರು ಹೇಳಿದಂತೆ, ನಾನು ರೀಫ್ ಗಂಟಿನ ಉಪಯೋಗವನ್ನು ವಿವರಿಸುತ್ತಿದ್ದಾಗಲೇ. ಲೆಕ್ಕದ ಪುಸ್ತಕ ಬೇರೊಬ್ಬ ಪೋಷಕರ ಕೈ ಸೇರಿದೆ, ರಜೆಯ ಅರ್ಜಿಯನ್ನೂ ಕೊಟ್ಟಿದ್ದೇನೆ. ಮಗ ಮಾತ್ರ ಸ್ಕಾರ್ಫ್ ತೆಗೆದ ಮೇಲೂ ಮನೆ ತಲುಪುವವರೆಗೆ ನನ್ನನ್ನು ‘ಅಕೇಲ’ ಎಂದೇ ಕರೆದ.

ಒಂದು ಚಿಕ್ಕ ಪ್ರಶ್ನೆ: ಅಭ್ಯಾಸಕ್ಕೆ ಯಾವ ಹಗ್ಗ ತರಲಿ? ನಿನ್ನೆ ಒಯ್ದ ನೈಲಾನ್ ಹಗ್ಗದಲ್ಲಿ ಗಂಟು ನಿಲ್ಲಲೇ ಇಲ್ಲ.

ಉತ್ತರ: ಬಸವನಗುಡಿಯ ನಿವೃತ್ತ ಮೇಷ್ಟ್ರು

ನೈಲಾನ್ ನುಣುಪು, ಚಿಕ್ಕ ಕೈಗಳಿಗೆ ಜಾರುತ್ತದೆ. ಕಿರುಬೆರಳಿನಷ್ಟು ದಪ್ಪದ ಹತ್ತಿಯ ಹಗ್ಗ ತನ್ನಿ; ಚಿಕ್ಕಪೇಟೆ ಕಡೆ ಸಗಟಾಗಿ ಸಿಗುತ್ತದೆ. ಮಗುವಿಗೆ ಒಂದೂವರೆ ಮೀಟರಿನ ಒಂದು ತುಂಡು ಸಾಕು, ತುದಿ ಬಿಚ್ಚಿಕೊಳ್ಳದಂತೆ ದಾರ ಸುತ್ತಿ ಬಿಗಿಯಿರಿ. ಅರ್ಧದಷ್ಟನ್ನು ಮನೆಯಲ್ಲಿಯೇ ಕೆಂಪು ಬಣ್ಣದ ನೀರಿನಲ್ಲಿ ಅದ್ದಿ ಒಣಗಿಸಿಕೊಳ್ಳಿ. ಭಾಷಣದ ವಿಷಯ ನೀವೇ ಕಂಡುಕೊಂಡಿರಿ. ಮುಂದಿನ ವಾರ ಗಂಟಿನ ಉಪಯೋಗವನ್ನು ಹೇಳಲು ಹೋಗದೆ, ಆ ಹುಡುಗನ ಕೈಗೇ ಒಂದು ಪಟ್ಟಿ ಕೊಟ್ಟು ನಿಮ್ಮ ಮೊಣಕೈಗೆ ಕಟ್ಟಲು ಹೇಳಿ.