ಎಪೈರಸ್‌ನ ಅರಸೊತ್ತಿಗೆಯನ್ನು ಅಲ್ಲಿನ ಜನರೇ ಕೊನೆಗಾಣಿಸಿದ್ದೇಕೆ?

ಪ್ರಶ್ನೆ:
ಗ್ರೀಸಿನ ವಾಯವ್ಯ ಮೂಲೆಯಲ್ಲಿದ್ದ ಎಪೈರಸ್ ರಾಜ್ಯದ ಚರಿತ್ರೆಯಲ್ಲಿ ಒಂದು ಸಂಗತಿ ನನಗೆ ಬಿಡಿಸಲಾಗದ ಗಂಟಾಗಿದೆ. ರೋಮನ್ನರನ್ನು ಎರಡು ಬಾರಿ ಸೋಲಿಸಿದ ದೊರೆ ಪಿರಸ್ ಕ್ರಿ.ಪೂ. 272ರಲ್ಲಿ ಆರ್ಗಾಸ್ ನಗರದ ಬೀದಿ ಕಾಳಗದಲ್ಲಿ ಮಡಿದ. ಅಲ್ಲಿಂದ ಸುಮಾರು 40 ವರ್ಷಗಳಲ್ಲಿ ಜನರೇ ಅರಸೊತ್ತಿಗೆಯನ್ನು ಕಿತ್ತುಹಾಕಿ ಗಣರಾಜ್ಯ ಕಟ್ಟಿಕೊಂಡರು. ನೆರೆಯ ಮ್ಯಾಸಿಡೋನಿಯಾದಲ್ಲಾದರೋ ರೋಮನ್ನರು ಬಂದು ಇಳಿಸುವವರೆಗೂ ರಾಜರೇ ಆಳಿದರು. ಈ ವ್ಯತ್ಯಾಸ ಹೇಗೆ ಬಂತೆಂಬುದನ್ನು ಬಲ್ಲವರು ದಯವಿಟ್ಟು ವಿವರಿಸಬೇಕು.

ಉತ್ತರ 1:
ಇದರ ಬೇರು ಪಿರಸ್‌ನಿಗಿಂತ ಹಿಂದಿನದು. ಎಪೈರಸ್‌ನ ಮುಖ್ಯ ಬುಡಕಟ್ಟಾದ ಮೊಲೊಸ್ಸಿಯನ್ನರ ಅರಸರು ತಮ್ಮದು ಟ್ರಾಯ್ ಯುದ್ಧದ ವೀರ ಅಕಿಲೀಸನ ವಂಶವೆಂದು ಹೇಳಿಕೊಳ್ಳುತ್ತಿದ್ದರಾದರೂ ಅವರ ಅಧಿಕಾರಕ್ಕೆ ಕಟ್ಟುಪಾಡುಗಳಿದ್ದವು. ಪ್ಯಾಸರಾನ್ ಎಂಬಲ್ಲಿ ಜ್ಯೂಸ್ ದೇವರಿಗೆ ಬಲಿಯರ್ಪಿಸಿ, ಕಾನೂನಿನಂತೆ ಆಳುವೆನೆಂದು ದೊರೆಯೂ, ಕಾನೂನಿನಂತೆ ದೊರೆತನವನ್ನು ಕಾಪಾಡುವೆವೆಂದು ಪ್ರಜೆಗಳೂ ಪರಸ್ಪರ ಪ್ರಮಾಣ ಮಾಡುತ್ತಿದ್ದರೆಂದು ಪ್ರಾಚೀನ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿದ್ದಾನೆ. ಎಪೈರಸ್‌ನ ಪುಣ್ಯಕ್ಷೇತ್ರವಾದ ಡೊಡೋನಾದಲ್ಲಿ ದೊರೆತ ಶಾಸನವೊಂದು ನನಗೆ ಬಹಳ ಮೆಚ್ಚುಗೆಯಾದದ್ದು: ಕ್ರಿ.ಪೂ. 370ರ ಸುಮಾರಿನಲ್ಲಿ ಫಿಲಿಸ್ಟಾ ಎಂಬ ಮಹಿಳೆಗೆ ಪೌರತ್ವ ನೀಡಿದ ಆ ಶಾಸನದಲ್ಲಿ ದೊರೆಯ ಹೆಸರಿನೊಂದಿಗೆ ಮೊಲೊಸ್ಸಿಯನ್ನರ ಅಧ್ಯಕ್ಷ, ಕಾರ್ಯದರ್ಶಿ ಮತ್ತಿತರ ಅಧಿಕಾರಿಗಳ ಹೆಸರುಗಳೂ ಇವೆ.

ಈ ಪ್ರಮಾಣ ಬರೀ ಆಚರಣೆಯಾಗಿರಲಿಲ್ಲ. ಪಿರಸ್‌ನ ತಂದೆ ಅಯಾಕಿಡೀಸ್, ಅಲೆಕ್ಸಾಂಡರನ ತಾಯಿ ಒಲಿಂಪಿಯಾಸಳ ಪರವಾಗಿ ಮ್ಯಾಸಿಡೋನಿಯಾದ ಜಗಳಕ್ಕೆ ಸೈನ್ಯವನ್ನು ಎಳೆದೊಯ್ದಾಗ ಸೈನಿಕರು ದಂಗೆಯೆದ್ದರು. ಊರಿನಲ್ಲಿದ್ದವರು ಸಾರ್ವಜನಿಕ ನಿರ್ಣಯದ ಮೂಲಕ ಅವನನ್ನು ಗಡೀಪಾರು ಮಾಡಿದರು. ಸ್ವತಃ ಪಿರಸ್ ಕೂಡ ಹದಿನೇಳರ ಹರೆಯದಲ್ಲಿ ಮದುವೆಯೊಂದಕ್ಕೆಂದು ಉತ್ತರದ ನೆರೆನಾಡಾದ ಇಲ್ಲಿರಿಯಾಕ್ಕೆ ಹೋಗಿದ್ದಾಗ ಸಿಂಹಾಸನ ಕಳೆದುಕೊಂಡ.

ಉತ್ತರ 2:
ಮೇಲಿನ ಮಾತು ಸರಿ, ಆದರೆ ಅಷ್ಟರಿಂದಲೇ ಉತ್ತರ ಪೂರ್ಣವಾಗದು. ಅರಸನ ಅಧಿಕಾರಕ್ಕೆ ಮಿತಿಯಿದ್ದುದರಿಂದಲೇ ಮೊಲೊಸ್ಸಿಯನ್ನರ ಅರಸೊತ್ತಿಗೆ ದೀರ್ಘಕಾಲ ಬಾಳಿತೆಂದು ಅರಿಸ್ಟಾಟಲ್ ಹೇಳಿದ್ದಾನಲ್ಲವೇ? ನನ್ನ ದೃಷ್ಟಿಯಲ್ಲಿ ಆ ಮಿತಿಯನ್ನು ಮೀರಿದವನು ಪಿರಸ್. ಕ್ರಿ.ಪೂ. 280ರಲ್ಲಿ 20,000 ಕಾಲಾಳು, 3,000 ಕುದುರೆ ಸವಾರರು ಮತ್ತು 20 ಆನೆಗಳೊಂದಿಗೆ ಇಟಲಿಗೆ ಹೊರಟವನು ಮರಳಿ ತಂದದ್ದು 8,000 ಕಾಲಾಳು ಮತ್ತು 500 ಸವಾರರನ್ನು ಮಾತ್ರ. ಬಂದವನು ಸುಮ್ಮನಿರದೆ ಮ್ಯಾಸಿಡೋನಿಯಾ, ಸ್ಪಾರ್ಟಾಗಳ ಮೇಲೂ ದಂಡೆತ್ತಿದ. ರಾಜಧಾನಿಯನ್ನು ಮೊಲೊಸ್ಸಿಯನ್ನರ ಮಲೆನಾಡಿನಿಂದ ಕೊರಿಂತಿನ ವಲಸಿಗರು ಕಟ್ಟಿದ್ದ ಆಂಬ್ರೇಸಿಯಾಕ್ಕೆ ಒಯ್ದದ್ದೂ ಅವನೇ. ಇದರಿಂದ ದೊರೆಗೂ ಪ್ರಮಾಣ ಮಾಡಿದ ಜನಕ್ಕೂ ಅಂತರ ಬೆಳೆಯಿತು. ಮೊಮ್ಮಕ್ಕಳ ಕಾಲಕ್ಕೆ ವಂಶವೇ ಕ್ಷೀಣಿಸಿ, ಕೊನೆಗುಳಿದ ರಾಜಕುಮಾರಿ ಡೈಡಮಿಯಾ ಕ್ರಿ.ಪೂ. 232ರ ಸುಮಾರಿಗೆ ಆಂಬ್ರೇಸಿಯಾದಲ್ಲಿ ಆರ್ಟೆಮಿಸ್ ದೇವಿಯ ಗುಡಿಯ ಆಶ್ರಯ ಪಡೆದಿದ್ದರೂ ಕೊಲೆಯಾದಳು.

ಉತ್ತರ 3:
ಗಣರಾಜ್ಯ ಬಂದದ್ದು ಎಪೈರಸ್‌ಗೆ ಒಳಿತಾಯಿತೆಂದು ಮಾತ್ರ ಯಾರೂ ತೀರ್ಮಾನಿಸಬಾರದೆಂದು ನನ್ನ ಕೋರಿಕೆ. ಮೊಲೊಸ್ಸಿಯನ್, ಕೇಯೋನಿಯನ್, ಥೆಸ್ಪ್ರೋಟಿಯನ್ ಬುಡಕಟ್ಟುಗಳನ್ನು ಒಗ್ಗೂಡಿಸಿದ್ದ ರಾಜಮನೆತನವಿಲ್ಲದೆ ಒಡಕು ಹೆಚ್ಚಿತು. ರೋಮ್ ಮತ್ತು ಮ್ಯಾಸಿಡೋನಿಯಾದ ಕೊನೆಯ ದೊರೆ ಪರ್ಸಿಯಸ್‌ನ ನಡುವಿನ ಯುದ್ಧದಲ್ಲಿ ಮೊಲೊಸ್ಸಿಯನ್ನರು ಪರ್ಸಿಯಸ್‌ನ ಪಕ್ಷ ವಹಿಸಿದರೆ ಕೇಯೋನಿಯನ್ನರು ರೋಮಿನ ಜೊತೆ ನಿಂತರು. ಕ್ರಿ.ಪೂ. 167ರಲ್ಲಿ ರೋಮನ್ ಸೇನಾಪತಿ ಎಮಿಲಿಯಸ್ ಪೌಲಸ್ 70 ಊರುಗಳನ್ನು ಲೂಟಿ ಮಾಡಿಸಿ 1,50,000 ಜನರನ್ನು ಗುಲಾಮರನ್ನಾಗಿಸಿದ. ಆ ಊರುಗಳಲ್ಲಿ ಹೆಚ್ಚಿನವು ಮೊಲೊಸ್ಸಿಯನ್ನರವು.