ಪದಚರ್ಚೆ: ಗಾತ್ರ, ಘನಫಲ, ಸಾಮರ್ಥ್ಯ – ಒಂದನೇ ತರಗತಿಗೆ ಯಾವ ಮಾತು?

ಎಲ್ಲರಿಗೂ ನಮಸ್ಕಾರ.

ಹಾಸನದ ಹತ್ತಿರದ ಹಳ್ಳಿ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತೇನೆ. ಪಾತ್ರೆಗಳನ್ನು ಇಟ್ಟುಕೊಂಡು ಹೆಚ್ಚು ಕಡಿಮೆ ಹೋಲಿಸುವ ಪಾಠಕ್ಕೆ ಮಾತುಗಳನ್ನು ಹೊಂದಿಸುತ್ತಿದ್ದೇನೆ. ಬೇಕಾಗಿರುವುದು ಎರಡೇ. ಪಾತ್ರೆಯಲ್ಲಿ ಈಗ ಎಷ್ಟು ಇದೆ ಅನ್ನುವುದಕ್ಕೆ ಒಂದು, ತುಂಬಿಸಿದರೆ ಎಷ್ಟು ಹಿಡಿಯುತ್ತದೆ ಅನ್ನುವುದಕ್ಕೆ ಇನ್ನೊಂದು. ಈ ಎರಡನ್ನೂ ಬೆರೆಸಿಬಿಟ್ಟರೆ ಮುಂದೆ ಲೀಟರ್ ಪಾಠ ಬಂದಾಗ ಮಕ್ಕಳು ತಡವರಿಸುತ್ತಾರೆ.

ಹೈಸ್ಕೂಲಿನ ಗಣಿತದಲ್ಲಿ ‘ಘನಫಲ’ ಇದೆ, ವಿಜ್ಞಾನದಲ್ಲಿ ಅದೇ ಸಂಗತಿಗೆ ‘ಗಾತ್ರ’ ಎನ್ನುತ್ತಾರೆ. ಘನಫಲ ಆರು ವರ್ಷದ ಮಗುವಿಗೆ ಆಗುವ ಮಾತಲ್ಲ. ಗಾತ್ರ ಮನೆಯಲ್ಲೇ ಇರುವ ಮಾತು. ‘ನಿಂಬೆಹಣ್ಣಿನ ಗಾತ್ರದ ಹುಣಸೆಹಣ್ಣು’ ಅಂತ ಅಡುಗೆಯಲ್ಲಿ ಹೇಳುವಾಗ ನಾವು ಹೇಳುವುದು ಸರಿಯಾಗಿ ಅದನ್ನೇ, ಎಷ್ಟು ಜಾಗ ತುಂಬುತ್ತದೆ ಎಂಬುದನ್ನು. ಆದರೆ ‘ತೋಳುಗಾತ್ರದ ಹಗ್ಗ’ ಅಂದಾಗ ಅದು ದಪ್ಪ, ‘ಆಳುಗಾತ್ರ’ ಅಂದಾಗ ಎತ್ತರ. ಸಂಸ್ಕೃತದಲ್ಲಿ ಗಾತ್ರ ಅಂದರೆ ಮೈ, ಅಂಗ. ಅದರಿಂದಲೇ ಹೀಗೆ ಎಲ್ಲ ಕಡೆಗೂ ವಾಲುತ್ತದೆ ಅನಿಸುತ್ತದೆ.

ನನಗೆ ಜಾಸ್ತಿ ತೊಡಕಾಗಿರುವುದು ‘ದೊಡ್ಡದು’ ಎಂಬ ಮಾತು. ಎತ್ತರದ ಸಣ್ಣ ಬಾಯಿಯ ಲೋಟ, ಅಗಲದ ಗಿಡ್ಡ ಬಟ್ಟಲು ಎರಡನ್ನೂ ಮುಂದಿಟ್ಟು ‘ಯಾವುದು ದೊಡ್ಡದು?’ ಎಂದು ಕೇಳಿದರೆ ಮಗು ಲೋಟವನ್ನು ತೋರಿಸುತ್ತದೆ. ನಾವು ‘ತಪ್ಪು’ ಎನ್ನುತ್ತೇವೆ. ಕೇಳಿದ ಪ್ರಶ್ನೆಗೆ ಮಗು ಕೊಟ್ಟ ಉತ್ತರ ಸರಿಯಾಗೇ ಇದೆ ಅಲ್ವಾ? ನಮ್ಮ ಕನ್ನಡದಲ್ಲಿ ಎತ್ತರವಾದದ್ದೂ ದೊಡ್ಡದೇ. ಒಂದೇ ಅಳತೆಯ ನೀರನ್ನು ಕಣ್ಣೆದುರೇ ಬಗ್ಗಿಸಿದರೂ ಏಳು ವರ್ಷದ ಒಳಗಿನ ಬಹಳಷ್ಟು ಮಕ್ಕಳು ಎತ್ತರದ ಲೋಟದಲ್ಲೇ ನೀರು ಹೆಚ್ಚು ಎನ್ನುತ್ತಾರೆಂದು ಸ್ವಿಟ್ಜರ್‌ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ತೋರಿಸಿದ್ದು ಹೆಸರಾದ ಸಂಗತಿ. ಅದು ವಯಸ್ಸಿನ ವಿಷಯ. ಅದರ ಮೇಲೆ ನಮ್ಮ ಪ್ರಶ್ನೆಯೂ ದಾರಿ ತಪ್ಪಿಸಬಾರದು. ‘ಯಾವುದರಲ್ಲಿ ನೀರು ಜಾಸ್ತಿ ಇದೆ?’, ‘ಯಾವುದು ಜಾಸ್ತಿ ಹಿಡಿಯುತ್ತೆ?’ ಎಂದು ಬಿಡಿಸಿ ಕೇಳಿದರೆ ಮಗು ಕನಿಷ್ಠ ಯೋಚನೆಗಾದರೂ ಇಳಿಯುತ್ತದೆ. ‘ಸುರಿದು ನೋಡೋಣ ಮಿಸ್’ ಎಂದು ತಾನೇ ಚೊಂಬು ಎತ್ತಿಕೊಳ್ಳುತ್ತದೆ.

ಪಾತ್ರೆಯ ಮೈ ಬೇರೆ, ಅದು ಹಿಡಿಯುವುದು ಬೇರೆ ಎಂದು ತೋರಿಸಲು ಒರಳಿಗಿಂತ ಒಳ್ಳೆಯ ವಸ್ತು ಸಿಗಲಾರದು. ಇಬ್ಬರು ಸೇರಿದರೂ ಅಲುಗಾಡದ ಕಲ್ಲು. ಅದರ ಗುಂಡಿಗೆ ನೀರು ಹೊಯ್ದು ನೋಡಿದರೆ ಒಂದೆರಡು ಚೊಂಬಿಗೆ ತುಂಬಿ ತುಳುಕುತ್ತದೆ. ಪಕ್ಕದಲ್ಲಿ ತೆಳ್ಳಗಿನ ಸ್ಟೀಲ್ ಬಿಂದಿಗೆ, ಮಗುವೇ ಎತ್ತಬಲ್ಲದು, ಚೊಂಬಿನ ಮೇಲೆ ಚೊಂಬು ಹೊಯ್ದರೂ ತುಂಬುವುದಿಲ್ಲ. ಇನ್ನು ಒರಳಿನ ಗುಂಡುಕಲ್ಲಿಗೆ ಗಾತ್ರ ಇದೆ, ಆದರೆ ಅದು ಏನನ್ನೂ ಹಿಡಿಯುವುದಿಲ್ಲ. ತುಂಬಿದ ಬಕೆಟಿಗೆ ಮೆಲ್ಲಗೆ ಇಳಿಸಿದರೆ ಎಷ್ಟು ನೀರು ಹೊರಗೆ ಚೆಲ್ಲುತ್ತದೋ ಅಷ್ಟು ಅದರ ಗಾತ್ರ.

‘ಸಾಮರ್ಥ್ಯ’ದ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಮಗುವಿಗೆ ಅದು ಶಕ್ತಿಯ ಮಾತು. ಆದರೆ ದೊಡ್ಡವರ ಕನ್ನಡದಲ್ಲಿ ಅದು ಗಟ್ಟಿಯಾಗಿ ನಿಂತಿದೆ. ಮಳೆಗಾಲದಲ್ಲಿ ಗೊರೂರಿನ ಹೇಮಾವತಿ ಜಲಾಶಯದ ಸುದ್ದಿ ನೋಡಿ. ಗರಿಷ್ಠ ಮಟ್ಟ 2922 ಅಡಿ, ಸಂಗ್ರಹ ಸಾಮರ್ಥ್ಯ 37.1 ಟಿಎಂಸಿ, ಇಂದಿನ ಮಟ್ಟ ಇಷ್ಟು, ಇಂದಿನ ಸಂಗ್ರಹ ಇಷ್ಟು. ಒಂದು ಟಿಎಂಸಿ ಅಂದರೆ 100 ಕೋಟಿ ಘನ ಅಡಿ, ಸುಮಾರು 2831 ಕೋಟಿ ಲೀಟರ್. ಇಲ್ಲಿ ಎತ್ತರ, ಇರುವುದು, ಹಿಡಿಯುವುದು ಮೂರನ್ನೂ ಬೇರೆ ಬೇರೆ ಬರೆಯುತ್ತಾರೆ, ಯಾರಿಗೂ ಗೊಂದಲವಿಲ್ಲ. ಮೇಲೆ ಹೋದಂತೆ ಜಲಾಶಯ ಅಗಲವಾಗುವುದರಿಂದ ಕೊನೆಯ ಒಂದು ಅಡಿಯಲ್ಲಿ ನಿಲ್ಲುವ ನೀರು ತಳದ ಒಂದು ಅಡಿಗಿಂತ ಎಷ್ಟೋ ಹೆಚ್ಚು. ಲೋಟ, ಬಟ್ಟಲಿನ ಲೆಕ್ಕವೇ ಇದು.

ಹೆಸರುಪದ ಇಲ್ಲದೆಯೂ ಕನ್ನಡ ಈ ಕೆಲಸವನ್ನು ಮಾಡಿಕೊಂಡು ಬಂದಿದೆ. ‘ಐದು ಸೇರು ಅಕ್ಕಿ’ ಅಂದರೆ ಇರುವುದು. ‘ಐದು ಸೇರಿನ ಪಾತ್ರೆ’ ಅಂದರೆ ಹಿಡಿಯುವುದು, ಒಳಗೆ ಒಂದು ಕಾಳೂ ಇಲ್ಲದಿದ್ದರೂ ಅದು ಐದು ಸೇರಿನದೇ. ಹತ್ತು ಲೀಟರ್ ನೀರು, ಹತ್ತು ಲೀಟರಿನ ಬಕೆಟ್. ರಾಗಿ ತುಂಬುವ ಹಗೇವನ್ನೂ (ನೆಲದೊಳಗಿನ ಕಣಜ) ಇಷ್ಟು ಖಂಡುಗದ ಹಗೇವು ಎಂದೇ ಗುರುತಿಸುತ್ತಿದ್ದರು; ಖಂಡುಗ ಅಂದರೆ ಕಾಳು ಅಳೆಯುವ ಹಳೆಯ ದೊಡ್ಡ ಅಳತೆ. ‘ಸೇರಿನ’, ‘ಖಂಡುಗದ’ ಎಂಬಲ್ಲಿ ಕೊನೆಗೆ ಬರುವ ‘ಇನ’, ‘ದ’ ಎಂಬ ಪ್ರತ್ಯಯವೇ ಇಷ್ಟು ಕೆಲಸ ಮಾಡುತ್ತದೆ! (ಖಂಡುಗದ ಗದ್ದೆ ಅಂದರೆ ಮಾತ್ರ ಬೇರೆ, ಅಷ್ಟು ಬೀಜ ಬೀಳುವ ನೆಲ.) ಮನೆಯಲ್ಲಿ ಸೇರು, ಪಾವು ಇದ್ದರೆ ತರಗತಿಗೆ ತನ್ನಿ ಅನ್ನುತ್ತೇನೆ. ನಾಲ್ಕು ಪಾವಿಗೆ ಒಂದು ಸೇರು ಎಂದು ಮಕ್ಕಳು ಸುರಿದೇ ಕಂಡುಕೊಳ್ಳುತ್ತಾರೆ. ಅಜ್ಜಿಯರಿಂದ ಕಲಿತವರು ಮೊದಲ ಸೇರಿಗೆ ಒಂದು ಎನ್ನದೆ ‘ಲಾಭ’ ಎಂದು ಎಣಿಸುತ್ತಾರೆ. ಅದನ್ನು ತಿದ್ದಬೇಡಿ, ಎಣಿಕೆ ಸರಿಯಾಗೇ ಇರುತ್ತದೆ. ಬಾಯಿಮಟ್ಟಕ್ಕೆ ಸವರಿ ಅಳೆಯಬೇಕು ಎಂಬುದನ್ನು ಮಾತ್ರ ಹೇಳಿಕೊಡಬೇಕು. ಮೇಲೆ ಗುಡ್ಡೆ ನಿಲ್ಲಿಸಿದರೆ ಸೇರಿಗೂ ಸೇರಿಗೂ ಹೊಂದುವುದಿಲ್ಲ.

ಹಾಗಾಗಿ ಎರಡನೇ ತರಗತಿವರೆಗೆ ‘ಇದೆ’, ‘ಹಿಡಿಯುತ್ತೆ’ ಎಂಬ ಎರಡೇ ಕ್ರಿಯಾಪದಗಳಲ್ಲಿ ಪಾಠ ನಡೆಸುವುದು ನನ್ನ ಮನಸ್ಸು. ಹೆಸರುಪದ ಆಮೇಲೆ ಬರಲಿ.

ಬಲ್ಲವರಲ್ಲಿ ಕೇಳುವುದು ಇಷ್ಟು. ‘ಬಿಂದಿಗೆ ಎಷ್ಟು ಹಿಡಿಯುತ್ತೆ’, ‘ಬಿಂದಿಗೆಗೆ ಎಷ್ಟು ಹಿಡಿಯುತ್ತೆ’, ‘ಬಿಂದಿಗೆಯಲ್ಲಿ ಎಷ್ಟು ಹಿಡಿಸುತ್ತೆ’ ಮೂರೂ ನನ್ನ ಕಿವಿಗೆ ಬಿದ್ದಿವೆ. ಪುಸ್ತಕಕ್ಕೆ ಯಾವುದನ್ನು ಇಟ್ಟುಕೊಳ್ಳೋಣ? ಮುಂದೆ ಹೆಸರುಪದ ಬೇಕಾದಾಗ ‘ಹಿಡಿತ’ ಆಗುವುದಿಲ್ಲ, ಅದು ಹತೋಟಿಯ ಅರ್ಥಕ್ಕೆ ಹೋಗಿಬಿಟ್ಟಿದೆ. ಹಳಗನ್ನಡದ ‘ಅಳವು’ ಅಳತೆಗೂ ಶಕ್ತಿಗೂ ಎರಡಕ್ಕೂ ಬರುತ್ತಿತ್ತು, ಅದನ್ನು ಮಕ್ಕಳಿಗೆ ಕೊಡಬಹುದೇ? ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆಯವರು ಮನೆಯಲ್ಲಿ ಏನನ್ನುತ್ತೀರಿ, ದಯವಿಟ್ಟು ಪೂರ್ತಿ ವಾಕ್ಯದಲ್ಲಿ ಬರೆಯಿರಿ.